ಮೇಫ್ಲವರ್ ಸುಸಾನಾ ವೈಟ್ ತವರು ಯಾವುದು, ಫುಲ್ಲರ್ರಾ ಜಾಕ್ಸನ್ನಾ? ಮರುಮದುವೆಯಾದ ವಿಧವೆಯ ಮೂಲ ಹುಡುಕೋದು ಹೇಗೆ?

ಕಡತಪ್ರಿಯ
1620ರಲ್ಲಿ ಮೇಫ್ಲವರ್ ಹಡಗಲ್ಲಿ ಇಂಗ್ಲೆಂಡಿಂದ ಅಮೆರಿಕದ ಪ್ಲಿಮತ್ ವಸಾಹತಿಗೆ ಬಂದ ಸುಸಾನಾ ವೈಟ್ ಬಗ್ಗೆ ಒಂದು ಪ್ರಶ್ನೆ. ಗಂಡ ವಿಲಿಯಂ ವೈಟ್ 1621ರ ಫೆಬ್ರವರಿ 21ಕ್ಕೆ ತೀರಿಕೊಂಡ. ಮೇ 12ಕ್ಕೆ ಎಡ್ವರ್ಡ್ ವಿನ್ಸ್ಲೋ ಜೊತೆ ಅವಳ ಮದುವೆ ಆಯ್ತು. ಇಲ್ಲಿವರೆಗೆ ಎಲ್ಲ ಕಡೆ ಒಂದೇ ಮಾತು. ತವರಿನ ವಿಷಯಕ್ಕೆ ಬಂದರೆ ಮಾತ್ರ ಆನ್‌ಲೈನ್ ವಂಶವೃಕ್ಷಗಳಲ್ಲಿ ಕೆಲವರು ಸುಸಾನಾ ಫುಲ್ಲರ್ ಅಂತಾರೆ, ಕೆಲವರು ಸುಸಾನಾ ಜಾಕ್ಸನ್ ಅಂತಾರೆ. ಆಧಾರ ಏನು ಅಂತ ನೋಡಿದ್ರೆ ಇನ್ನೊಂದು ವಂಶವೃಕ್ಷದ ಕೊಂಡಿ! ಯಾವುದು ಸರಿ, ಮತ್ತೆ ಅದು ಸರಿ ಅಂತ ಹೇಗೆ ತೀರ್ಮಾನ ಆಯ್ತು? ಆ ಕಾಲದ ಬೇರೆ ವಿಧವೆಯರ ತವರು ಹುಡುಕೋಕೂ ಅದೇ ದಾರಿ ಆಗುತ್ತಾ?

ಮಲೆನಾಡಿಗ
ಜಾಕ್ಸನ್. ಫುಲ್ಲರ್ ಬಿಟ್ಟುಬಿಡಿ.

ದಫ್ತರದಾರ
ಒಂದೇ ಮಾತಲ್ಲಿ ಬಿಡಿ ಅಂದ್ರೆ ಅವರು ಬಿಡೋದು ಹೇಗೆ ಗುರುಗಳೇ, ಕಾರಣ ಹೇಳಬೇಕಲ್ಲ.

ಫುಲ್ಲರ್ ಹೆಸರು ಅಂಟಿಕೊಂಡಿದ್ದು ಹಾಲೆಂಡಿನ ಲೈಡನ್ ಊರಿನ ಒಂದು ದಾಖಲೆಯಿಂದ. ಮೇಫ್ಲವರ್ ಗುಂಪಿನ ಎಷ್ಟೋ ಜನ ಮೊದಲು ನೆಲೆಸಿದ್ದದ್ದು ಅಲ್ಲೇ. 1612ರಲ್ಲಿ ಅಲ್ಲಿ ವಿಲಿಯಂ ವೈಟ್ ಅನ್ನೋ ಉಣ್ಣೆ ಕೆಲಸದವನು ಆನ್ ಫುಲ್ಲರ್ ಅನ್ನೋಳನ್ನ ಮದುವೆಯಾಗಿದ್ದಾನೆ. ನಮ್ಮ ಸುಸಾನಾಳ ದೊಡ್ಡ ಮಗ ರಿಸಾಲ್ವ್ಡ್ ಹುಟ್ಟಿದ್ದು 1615ರ ಆಸುಪಾಸು, ಅಂದರೆ ವರ್ಷ ಹೊಂದಿತು. ಗಂಡನ ಹೆಸರೂ ಹೊಂದಿತು. ಹಡಗಲ್ಲಿ ಸ್ಯಾಮ್ಯುಯೆಲ್ ಫುಲ್ಲರ್ ಅಂತ ಒಬ್ಬನಿದ್ದ, ಅವನನ್ನ ಅಣ್ಣ ಮಾಡಿಬಿಟ್ಟರು. ಆನ್ ಅಂದ್ರೆ ಸುಸಾನಾದ ಮೊಟಕು ಅಂತ ಹೇಳಿ ಕೊನೇ ಗಂಟು ಹಾಕಿದರು. ಆದರೆ ವಿಲಿಯಂ ವೈಟ್ ಅನ್ನೋದು ಆ ಕಾಲದ ಇಂಗ್ಲಿಷರಲ್ಲಿ ಬೀದಿಗೊಬ್ಬರಿಗೆ ಇರೋ ಹೆಸರು, ಲೈಡನ್‌ನಲ್ಲೇ ಒಬ್ಬನಿಗಿಂತ ಹೆಚ್ಚು ಜನ ಇದ್ದರು.

ಜಾಕ್ಸನ್‌ಗೆ ಆಧಾರ ಎರಡನೇ ಗಂಡ ವಿನ್ಸ್ಲೋ ಬರೆದ ಪತ್ರ. 1623ರ ಅಕ್ಟೋಬರ್ 30ಕ್ಕೆ, ವಸಾಹತಿನ ಕೆಲಸಕ್ಕೆ ಲಂಡನ್‌ಗೆ ಬಂದಿದ್ದಾಗ, ಲಿಂಕನ್‌ಶೈರಿನ ಸ್ಪಾಲ್ಡಿಂಗ್‌ನಲ್ಲಿದ್ದ ರಾಬರ್ಟ್ ಜಾಕ್ಸನ್‌ಗೆ ಬರೆದದ್ದು. ಅವನನ್ನ 'ಅಂಕಲ್' ಅಂತ ಕರೀತಾನೆ. ಸುಮಾರು ಎರಡು ವರ್ಷದ ಹಿಂದೆ ಮಾವನಿಗೆ, ಅಂದ್ರೆ ಹೆಂಡತಿಯ ಅಪ್ಪನಿಗೆ, ಪತ್ರ ಹಾಕಿ, ವೈಟ್ ತೀರಿಕೊಂಡಿದ್ದು, ಅವನ ಮಗಳು ಮತ್ತು ಅವಳ ಇಬ್ಬರು ಮಕ್ಕಳು ಆರೋಗ್ಯವಾಗಿರೋದು, ಅವಳು ಈಗ ತನ್ನ ಹೆಂಡತಿಯಾಗಿರೋದು, ಎಲ್ಲ ತಿಳಿಸಿದ್ದೆ ಅಂತ ಬರೀತಾನೆ. ಅದೇ ಪತ್ರದಲ್ಲಿ 'ಫಾದರ್ ಜಾಕ್ಸನ್' ಅನ್ನೋ ಮಾತೂ ಬರುತ್ತೆ.

ಪ್ರಶ್ನಾರ್ಥಕ
ಅಂಕಲ್ ಅಂದ ಮಾತ್ರಕ್ಕೆ ಹೆಂಡತಿ ಕಡೆಯವನು ಅಂತ ಹೇಗೆ ಹೇಳ್ತೀರಿ? ವಿನ್ಸ್ಲೋನ ಸ್ವಂತ ಸೋದರಮಾವನೇ ಆಗಿರಬಹುದು. ಇಲ್ಲ, ಅವನ ಮೊದಲ ಹೆಂಡತಿ ಎಲಿಜಬೆತ್ ಬಾರ್ಕರ್ ಕಡೆಯವನು. ಅವಳೂ ಆ ಚಳಿಗಾಲದಲ್ಲೇ ಸತ್ತಳಲ್ಲ.

ದಫ್ತರದಾರ
ಅಂಕಲ್ ಅನ್ನೋ ಒಂದು ಪದ ಹಿಡ್ಕೊಂಡರೆ ನಿಮ್ಮ ಮಾತು ಸರಿ. ಆದರೆ ಮಾವನಿಗೆ ವೈಟ್ ಸತ್ತ ಸುದ್ದಿ ಯಾಕೆ ತಿಳಿಸಬೇಕು? ವೈಟ್ ಆ ಮಾವನ ಹಿಂದಿನ ಅಳಿಯ ಆಗಿದ್ದರೆ ಮಾತ್ರ ಅದಕ್ಕೆ ಅರ್ಥ. ಬಾರ್ಕರ್ ಮನೆಯವರಿಗೆ ವೈಟ್ ಯಾರೋ ಏನೋ.

ಪ್ರಶ್ನಾರ್ಥಕ
ಒಪ್ಪಿದೆ. ಆದರೂ 'ಫಾದರ್ ಜಾಕ್ಸನ್' ಸುಸಾನಾಳ ಮಲತಂದೆ ಆಗಿರಬಹುದಲ್ಲ? ಅವಳ ತಾಯಿಯೂ ಮರುಮದುವೆ ಆಗಿದ್ದರೆ ತವರಿನ ಹೆಸರು ಮತ್ತೆ ಕೈತಪ್ಪುತ್ತೆ.

ಹಳೇಮೊಹರು
ಒಳ್ಳೇ ಆಕ್ಷೇಪಣೆ. ಅದಕ್ಕೇ ಪತ್ರ ಕೈಯಲ್ಲಿದ್ದರೂ ವಿಷಯ ತೀರ್ಮಾನ ಆಗಿರಲಿಲ್ಲ. 2010ರ ದಶಕದ ಕೊನೆ ಭಾಗದಲ್ಲಿ ಸೂ ಆಲನ್, ಕೇಲೆಬ್ ಜಾನ್ಸನ್, ಸೈಮನ್ ನೀಲ್ ಮೂವರೂ ಸೇರಿ ಇಂಗ್ಲೆಂಡ್ ಕಡೆಯ ದಾಖಲೆ ಜಾಲಾಡಿ, ಅವಳು ಸ್ಕ್ರೂಬಿಯ ರಿಚರ್ಡ್ ಜಾಕ್ಸನ್ ಮಗಳು ಅಂತ ತೋರಿಸಿದರು. ಸ್ಕ್ರೂಬಿ ಅಂದ್ರೆ ಮೇಫ್ಲವರ್‌ನಲ್ಲಿ ಬಂದ ಧಾರ್ಮಿಕ ಗುಂಪಿನ ಮೂಲ ಊರು, ಇಂಗ್ಲೆಂಡಲ್ಲಿದೆ. ಆ ಗುಂಪಿನ ಮುಖಂಡ ವಿಲಿಯಂ ಬ್ರೂಸ್ಟರ್ ಜೊತೆ ಇದೇ ರಿಚರ್ಡ್ ಜಾಕ್ಸನ್‌ಗೂ 1608ರಲ್ಲಿ ಧಾರ್ಮಿಕ ನ್ಯಾಯಮಂಡಳಿ ಮುಂದೆ ಹಾಜರಾಗದ್ದಕ್ಕೆ ತಲಾ 20 ಪೌಂಡ್ ದಂಡ ಬಿದ್ದಿತ್ತು.

ಇಲ್ಲಿ ಗಮನಿಸಬೇಕಾದ್ದು, ಅಮೆರಿಕದ ಯಾವ ದಾಖಲೆಯಲ್ಲೂ ಅವಳ ತವರಿನ ಹೆಸರು ಸಿಗಲಿಲ್ಲ. ಸಿಕ್ಕಿದ್ದು ಗಂಡಸರ ಕಾಗದದಲ್ಲಿ, ಅದೂ ಎರಡನೇ ಗಂಡನ ಕಾಗದದಲ್ಲಿ.

ಹುಬ್ಬಳ್ಳಿಮಂದಿ
ಅಲ್ರೀ, ಎಂಬತ್ತು ದಿನದಾಗ ಇನ್ನೊಂದು ಮದುವಿ? ವರ್ಷದ ತಿಥಿ ಸೈತ ಆಗಿಲ್ಲ!

ಮಲೆನಾಡಿಗ
ವಿನ್ಸ್ಲೋದು ಇನ್ನೂ ಕಮ್ಮಿ. ಎಲಿಜಬೆತ್ ಸತ್ತದ್ದು ಮಾರ್ಚ್ 24, ಮದುವೆ ಮೇ 12. ಏಳು ವಾರ.

ದಫ್ತರದಾರ
ಬಂದಿದ್ದೇ 102 ಜನ, ಮೊದಲ ಚಳಿಗಾಲ ಮುಗಿಯೋ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ಜನ ಇಲ್ಲ. ಆ ವರ್ಷದ ಸುಗ್ಗಿ ಹೊತ್ತಿಗೆ ಉಳಿದಿದ್ದ ವಯಸ್ಕ ಹೆಂಗಸರು ನಾಲ್ಕೇ ಜನ. ಸುಸಾನಾ ಕಂಕುಳಲ್ಲಿ 1620ರ ನವೆಂಬರ್ ಕೊನೆಗೆ ಹಡಗಲ್ಲೇ ಹುಟ್ಟಿದ ಪೆರಿಗ್ರೀನ್, ಪಕ್ಕದಲ್ಲಿ ಐದಾರು ವರ್ಷದ ರಿಸಾಲ್ವ್ಡ್. ತಿಥಿ ನೋಡ್ಕೊಂಡು ಕೂರೋ ಪರಿಸ್ಥಿತಿ ಅಲ್ಲ ಸಾರ್ ಅದು.

ಹುಡುಕೋರಿಗೆ ಇದರಲ್ಲಿ ಒಂದು ಲಾಭವೂ ಇದೆ. ಗಂಡ ಸತ್ತಾಗ ಮಾಡೋ ಆಸ್ತಿಪಟ್ಟಿಯ ತಾರೀಕಿನಿಂದ ಮುಂದಿನ ಒಂದೆರಡು ವರ್ಷದ ಕಾಗದ ನೋಡಿದರೆ ಸಾಮಾನ್ಯವಾಗಿ ಹೊಸ ಗಂಡನ ಹೆಸರು ಸಿಕ್ಕಿಬಿಡುತ್ತೆ.

ಕುಡ್ಲ_ಕಡಲು
ಮದುವೆ ಚರ್ಚ್ ರಿಜಿಸ್ಟರಲ್ಲಿ ಇರ್ಬೇಕಲ್ಲ ಮಾರಾಯ್ರೆ? ಅದನ್ನೇ ನೋಡಿದ್ರೆ ಆಯ್ತು. ಇಷ್ಟು ಸುತ್ತಾಟ ಎಂಥದಕ್ಕೆ?

ಹಳೇಮೊಹರು
ಇರಲ್ಲ. ನ್ಯೂ ಇಂಗ್ಲೆಂಡ್‌ನಲ್ಲಿ, ಅಂದ್ರೆ ಪ್ಲಿಮತ್ ಇರೋ ವಸಾಹತು ಪ್ರದೇಶದಲ್ಲಿ, 1686ರವರೆಗೆ ಮದುವೆ ಅನ್ನೋದು ಮ್ಯಾಜಿಸ್ಟ್ರೇಟ್ ಮುಂದೆ ಆಗ್ತಿದ್ದ ಸಿವಿಲ್ ಕೆಲಸ, ಪಾದ್ರಿ ಮಾಡಿಸ್ತಿರಲಿಲ್ಲ. ವಿನ್ಸ್ಲೋ ಮತ್ತು ಸುಸಾನಾ ಮದುವೆ ಪ್ಲಿಮತ್‌ನ ಮೊಟ್ಟಮೊದಲ ಮದುವೆ. ಹಾಲೆಂಡಿನ ಪದ್ಧತಿ ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ಮಾಡಿದ್ದು ಅಂತ ಗವರ್ನರ್ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾನೆ. ಹಾಗಾಗಿ ಊರ ಕ್ಲರ್ಕ್ ಪುಸ್ತಕ, ಕೋರ್ಟ್ ಪುಸ್ತಕ ನೋಡಬೇಕು. ಅಲ್ಲೂ ಎಷ್ಟೋ ಮದುವೆ ದಾಖಲೇ ಆಗಿಲ್ಲ.

ದಾಖಲಾಗಿದ್ದರೂ ಅಲ್ಲೊಂದು ಗುಂಡಿ ಇದೆ. '1660ರಲ್ಲಿ ಜಾನ್ ಸ್ಮಿತ್, ಮೇರಿ ಬ್ರೌನ್ ಮದುವೆ' ಅಂತ ಇದ್ದರೆ ಬ್ರೌನ್ ತವರಿನ ಹೆಸರು ಅಂತ ಎಲ್ಲರೂ ಬರ್ಕೊಂಡುಬಿಡ್ತಾರೆ. ಅವಳು ವಿಧವೆಯಾಗಿದ್ದರೆ ಅದು ಸತ್ತ ಗಂಡನ ಹೆಸರು. ಇಂಗ್ಲಿಷ್ ವಸಾಹತುಗಳಲ್ಲಿ ಮರುಮದುವೆ ಹೊತ್ತಿಗೆ ತವರಿನ ಹೆಸರು ಕಾಗದದ ಮೇಲೆ ಬರೋದೇ ಅಪರೂಪ. ತಪ್ಪು ವಂಶವೃಕ್ಷಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟೋದು ಅಂತ ನನ್ನ ಅನಿಸಿಕೆ. ಇಲ್ಲದ ಬ್ರೌನ್ ಅಪ್ಪನನ್ನ ಹುಡುಕ್ತಾ ಹೋಗ್ತಾರೆ, ಆ ಊರಲ್ಲಿ ಯಾರಾದ್ರೂ ಒಬ್ಬ ಬ್ರೌನ್ ಇದ್ದೇ ಇರ್ತಾನೆ, ಅವನಿಗೆ ಮಗಳು ಮಾಡಿಬಿಡ್ತಾರೆ.

ಕಡತಪ್ರಿಯ
ಹಾಗಾದ್ರೆ ಸರಿಯಾದ ಕ್ರಮ ಏನು? ಯಾವ ಕಾಗದದಿಂದ ಶುರು ಮಾಡಬೇಕು?

ದಫ್ತರದಾರ
ಹೆಂಗಸನ್ನ ಹುಡುಕಬೇಡಿ, ಸತ್ತ ಗಂಡನ ಆಸ್ತಿ ಹಿಂದೆ ಹೋಗಿ. ಮದುವೆಯಾದ ಹೆಣ್ಣಿಗೆ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಅಸ್ತಿತ್ವ ಇಲ್ಲದ ಕಾಲ. ಅವಳ ಚರಾಸ್ತಿ ಗಂಡನದು, ಗಂಡ ಬದುಕಿರುವಾಗ ಸಾಮಾನ್ಯವಾಗಿ ಉಯಿಲೂ ಬರೆಯೋಹಾಗಿಲ್ಲ. ಅವಳ ಹೆಸರು ಕಾಗದದ ಮೇಲೆ ಬರೋದು ಹೆಚ್ಚಾಗಿ ವಿಧವೆಯಾಗಿದ್ದಾಗ.

ಮೊದಲ ಗಂಡ ಸತ್ತ ಕೂಡಲೇ ಅಕ್ಕಪಕ್ಕದ ಇಬ್ಬರು ಮೂವರು ಮನೆಗೆ ಬಂದು ಆಸ್ತಿಪಟ್ಟಿ ಮಾಡ್ತಾರೆ, ವಿಧವೆ ಕೋರ್ಟಲ್ಲಿ ಪ್ರಮಾಣ ಮಾಡ್ತಾಳೆ. ಉಯಿಲು ಇಲ್ಲದಿದ್ದರೆ ಆಸ್ತಿ ನೋಡ್ಕೊಳ್ಳೋಕೆ ಅವಳನ್ನೇ ನೇಮಿಸಿ ಬಾಂಡ್ ಬರೆಸ್ಕೊಳ್ತಾರೆ. ಆ ಬಾಂಡಿಗೆ ಜಾಮೀನು ನಿಂತವರು ಯಾರು ಅಂತ ಮೊದಲು ನೋಡಿ. ಎಷ್ಟೋ ಸಲ ಅವಳ ಅಪ್ಪ, ಅಣ್ಣ, ಅಕ್ಕನ ಗಂಡ ಇರ್ತಾರೆ. ವರ್ಷ ಎರಡು ವರ್ಷ ಆದಮೇಲೆ ಅಂತಿಮ ಲೆಕ್ಕ ಸಲ್ಲಿಸೋವಾಗ 'ಇಂಥವನ ವಿಧವೆಯನ್ನ ಮದುವೆಯಾದ ಇಂಥವನು' ಅಂತ ಹೊಸ ಗಂಡ ಬರ್ತಾನೆ. ಸಾಲ ವಸೂಲಿ ದಾವೆ ಇದ್ದರೆ ಅದರಲ್ಲೂ ಹೆಂಡತಿಯ ಹಕ್ಕಿನ ಮೇಲೆ ಅವನ ಹೆಸರು ಸೇರಿಕೊಳ್ಳುತ್ತೆ.

ಆಮೇಲೆ ಮಕ್ಕಳು. ಸಾಮಾನ್ಯವಾಗಿ 14 ದಾಟಿದ ಮಗು ತನ್ನ ಪೋಷಕನನ್ನ ತಾನೇ ಆರಿಸಿಕೊಳ್ಳಬಹುದು, ಚಿಕ್ಕವರಿಗೆ ಕೋರ್ಟ್ ನೇಮಿಸುತ್ತೆ. ಮಲತಂದೆಯನ್ನ ಬಿಟ್ಟು ಬೇರೆ ಹೆಸರಿನ ಯಾರನ್ನಾದರೂ ಆರಿಸಿದ್ದರೆ ಅವನು ತಾಯಿಯ ಅಣ್ಣತಮ್ಮನೋ ತಂದೆಯ ಅಣ್ಣತಮ್ಮನೋ ಅಂತ ಅನುಮಾನ ಪಡಿ. ಅನುಮಾನ ಅಷ್ಟೇ, ತೀರ್ಮಾನ ಅಲ್ಲ.

ಜಮೀನಿಗೆ ಡೋವರ್ ಹಕ್ಕು. ವಿಧವೆಗೆ ಗಂಡನ ಜಮೀನಿನ ಮೂರನೇ ಒಂದು ಭಾಗ ಜೀವಮಾನ ಪರ್ಯಂತ ಅನುಭವಕ್ಕೆ. ಅವಳು ಸತ್ತಮೇಲೆ ಆ ಭಾಗ ಮಕ್ಕಳಿಗೆ ಹಂಚಿಕೆ ಆಗುತ್ತೆ. ಉಯಿಲು ಇಲ್ಲದಿದ್ದರೆ ಮ್ಯಾಸಚೂಸೆಟ್ಸ್‌ನಲ್ಲಿ ದೊಡ್ಡ ಮಗನಿಗೆ ಎರಡು ಪಾಲು. ಆ ಹಂಚಿಕೆ ಪತ್ರ ಮೂವತ್ತು ನಲವತ್ತು ವರ್ಷ ತಡವಾಗಿ, ಕೊನೇ ಗಂಡನ ಹೆಸರಲ್ಲಿ ಬರಬಹುದು. ಜನ ಅಷ್ಟು ಮುಂದೆ ಹೋಗಿ ನೋಡೋದೇ ಇಲ್ಲ.

ಹಳೇಮೊಹರು
ಇದಕ್ಕೆ ಒಂದು ಸೇರಿಸ್ತೀನಿ. ಎರಡು ಗಂಡಂದಿರ ಆಸ್ತಿಪಟ್ಟಿ ಪಕ್ಕಪಕ್ಕ ಇಟ್ಕೊಂಡು ಸಾಮಾನು ಹೋಲಿಸಿ. ಮರುಮದುವೆಗೆ ಮುಂಚೆ ಎಷ್ಟೋ ಜನ ಒಪ್ಪಂದ ಮಾಡ್ಕೊಳ್ತಿದ್ದರು, 'ಅವಳು ತಂದ ಸಾಮಾನು ಅವಳಿಗೇ' ಅಂತ. ಎರಡನೇ ಗಂಡನ ಉಯಿಲಲ್ಲಿ 'ಅವಳು ತನ್ನ ಜೊತೆ ತಂದ ಹಿತ್ತಾಳೆ ಹಂಡೆ, ಗರಿ ತುಂಬಿದ ಹಾಸಿಗೆ' ಅಂತ ಇದ್ದು, ಹತ್ತು ವರ್ಷ ಹಿಂದೆ ಇನ್ನೊಬ್ಬನ ಪಟ್ಟಿಯಲ್ಲಿ ಅದೇ ಹಂಡೆ, ಅದೇ ಹಾಸಿಗೆ ಇದ್ದರೆ ಸುಳಿವು ಸಿಕ್ಕಿತು ಅಂತ ಲೆಕ್ಕ. ಹಂಡೆ ಎಲ್ಲರ ಮನೆಯಲ್ಲೂ ಇರುತ್ತೆ, ಹಾಗಾಗಿ ನಾಲ್ಕೈದು ಸಾಮಾನು ಕೂಡಿ ಬರಬೇಕು, ಬೆಲೆಯೂ ಹತ್ತಿರ ಇರಬೇಕು.

ಪ್ರಶ್ನಾರ್ಥಕ
ಪ್ಲಿಮತ್‌ನಲ್ಲಿ 1621ಕ್ಕೆ ಇದ್ಯಾವುದೂ ಇರಲಿಲ್ಲ. ಕೋರ್ಟ್ ಪುಸ್ತಕವೇ ಇಲ್ಲ, ಆಸ್ತಿಪಟ್ಟಿ ಎಲ್ಲಿಂದ ಬಂತು?

ದಫ್ತರದಾರ
ಸುಸಾನಾಗೆ ಹೊಂದಲ್ಲ, ನಿಜ. ಆದರೆ ಅವಳಿಗೆ ಎರಡು ಹಂಚಿಕೆ ಪಟ್ಟಿ ಇವೆ. 1623ರಲ್ಲಿ ತಲೆಗೆ ಒಂದು ಎಕರೆ ಲೆಕ್ಕದಲ್ಲಿ ಜಮೀನು ಹಂಚಿದಾಗ ಸತ್ತು ಎರಡು ವರ್ಷವಾದ ವಿಲಿಯಂ ವೈಟ್ ಹೆಸರಲ್ಲೇ ಪಾಲು ಬರೆದಿದ್ದಾರೆ. ಅಪ್ಪನ ಪಾಲು ಮಕ್ಕಳಿಗೆ ಉಳೀಲಿ ಅಂತ ಇರಬೇಕು. 1627ರಲ್ಲಿ ದನಕರು ಹಂಚಿದಾಗ ಜನರನ್ನ 12 ಗುಂಪು ಮಾಡಿ ಗುಂಪಿಗೆ 13 ಜನರನ್ನ ಸೇರಿಸಿದರು. ಅಲ್ಲಿ ರಿಸಾಲ್ವ್ಡ್ ವೈಟ್, ಪೆರಿಗ್ರೀನ್ ವೈಟ್ ಇಬ್ಬರೂ ವಿನ್ಸ್ಲೋ ಮನೆಯವರ ಜೊತೆ ಒಂದೇ ಗುಂಪಲ್ಲಿ ಇದ್ದಾರೆ. ಬೇರೆ ಮನೆತನದ ಹೆಸರಿನ ಮಕ್ಕಳು ಒಂದು ಮನೆಯಲ್ಲಿ ಕಂಡರೆ ತಾಯಿಯ ಮೊದಲ ಮದುವೆ ನೆನಪಾಗಬೇಕು.

ಕುಡ್ಲ_ಕಡಲು
ಪೆರಿಗ್ರೀನ್‌ಗೆ ಆ ಕಡೆ ಹುಟ್ಟಿದ ಮೊದಲ ಇಂಗ್ಲಿಷ್ ಮಗು ಅಂತ ಹೇಳಿ 1665ರಲ್ಲಿ 200 ಎಕರೆ ಬೇರೆ ಕೊಟ್ರು. ಹುಟ್ಟಿದ್ದಕ್ಕೇ ಜಾಗ! ನಮ್ಗೆ ಖಾತೆ ಮಾಡಿಸ್ಲಿಕ್ಕೇ ಆಗುದಿಲ್ಲ.

ಅಕ್ಷರಬ್ರಹ್ಮ
ಹೊಸಬರಿಗೆ ತಾರೀಕಿನ ವಿಷಯ ಹೇಳಲೇಬೇಕು. ಆಗ ವರ್ಷ ಶುರುವಾಗ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ವಿಲಿಯಂ ವೈಟ್ ಸತ್ತ ತಾರೀಕು ಹಳೇ ಲೆಕ್ಕದಲ್ಲಿ 1620ರ ಫೆಬ್ರವರಿ. ಹಡಗು ಪ್ಲಿಮತ್ ಹತ್ತಿರದ ಕೇಪ್ ಕಾಡ್ ತೀರ ಮುಟ್ಟಿದ್ದು 1620ರ ನವೆಂಬರ್. ಗೊತ್ತಿಲ್ಲದವರು ಇಬ್ಬರು ವಿಲಿಯಂ ವೈಟ್ ಅಂತ ಮಾಡಿ, ಒಬ್ಬನನ್ನ ಹಡಗು ಹೊರಡೋ ಮೊದಲೇ ಸಾಯಿಸ್ತಾರೆ. ಎಲಿಜಬೆತ್ ವಿನ್ಸ್ಲೋ ಸತ್ತ ಮಾರ್ಚ್ 24 ಅಂದ್ರೆ ಆ ಲೆಕ್ಕದಲ್ಲಿ 1620ರ ಕಟ್ಟಕಡೆಯ ದಿನ! ಈ ಪದ್ಧತಿ 1752ರವರೆಗೆ ನಡೀತು. ತಿಂಗಳಿಗೆ ಹೆಸರು ಬರೆಯದೆ 'ಮೊದಲನೇ ತಿಂಗಳು' ಅಂದಿದ್ದರೆ ಮಾರ್ಚ್ ಅಂತ ಓದಬೇಕು, ಜನವರಿ ಅಲ್ಲ. 1620/21 ಅಂತ ಎರಡೂ ವರ್ಷ ಬರ್ಕೊಳ್ಳೋ ಅಭ್ಯಾಸ ಇಟ್ಕೊಳ್ಳಿ.

ಇನ್ನು ಸಂಬಂಧದ ಪದಗಳು. 'ಸನ್ ಇನ್ ಲಾ' ಅಂದ್ರೆ ಅಳಿಯ ಆಗಬಹುದು, ಮಲಮಗನೂ ಆಗಬಹುದು. 'ಕಸಿನ್' ಅಂತ ಕರೆದವನು ಅಣ್ಣನ ಮಗ ಆಗಿರಬಹುದು. 'ಲೇಟ್ ವೈಫ್ ಆಫ್' ಅಂತ ಇದ್ದರೆ ಆ ಹೆಂಗಸು ಸತ್ತಿದ್ದಾಳೆ ಅಂತ ಅಲ್ಲ, ಹಿಂದೆ ಅವನ ಹೆಂಡತಿಯಾಗಿದ್ದಳು ಅಂತ. ಉಯಿಲಲ್ಲಿ 'ಮೈ ನೌ ವೈಫ್' ಕಂಡರೆ ಹಿಂದೆ ಇನ್ನೊಬ್ಬಳು ಇದ್ದಳು ಅಂತ ಹಾರಿ ಬೀಳಬೇಡಿ. ಈಗಿರೋಳಿಗೆ ಮಾತ್ರ, ಮುಂದೆ ಬರೋಳಿಗಲ್ಲ ಅಂತ ವಕೀಲರ ಭಾಷೆ ಅದು. ಸೀನಿಯರ್, ಜೂನಿಯರ್ ಅಂದ್ರೆ ಅಪ್ಪ ಮಗ ಆಗಬೇಕಿಲ್ಲ, ಒಂದೇ ಊರಲ್ಲಿ ಒಂದೇ ಹೆಸರಿನ ಹಿರಿಯ ಕಿರಿಯ ಅಷ್ಟೇ.

ಮಲೆನಾಡಿಗ
1630ರಲ್ಲಿ ಹುಟ್ಟಿದ ಹೆಂಗಸಿಗೆ ನಡುವೆ ಇನ್ನೊಂದು ಹೆಸರು ಇಟ್ಟಿದ್ದರೆ ಆ ವಂಶವೃಕ್ಷ ಮುಚ್ಚಿಬಿಡಿ. ಆ ಕಾಲದ ಸಾಮಾನ್ಯ ಇಂಗ್ಲಿಷರಿಗೆ ನಡು ಹೆಸರು ಇರ್ತಿರಲಿಲ್ಲ.

ನದಿತೀರ
ಡಚ್ಚರ ಕಡೆ ಆದ್ರೆ ಇಷ್ಟು ಒದ್ದಾಟ ಇಲ್ಲ. ನ್ಯೂ ನೆದರ್ಲೆಂಡ್‌ನಲ್ಲಿ, ಅಂದ್ರೆ ಈಗಿನ ನ್ಯೂಯಾರ್ಕ್‌ನಲ್ಲಿ, ಹೆಂಗಸರು ಮದುವೆಯಾದಮೇಲೂ ತಮ್ಮ ಹೆಸರನ್ನೇ ಇಟ್ಕೊಳ್ತಿದ್ದರು, ಗಂಡ ಹೆಂಡತಿ ಜಂಟಿ ಉಯಿಲು ಬರೀತಿದ್ದರು. ನ್ಯೂ ಆಮ್‌ಸ್ಟರ್‌ಡಾಂ ಚರ್ಚಿನ ಮದುವೆ ಪುಸ್ತಕ 1639ರಿಂದ ಉಳಿದಿದೆ. ಅದರಲ್ಲಿ ಇಂಥವನ ವಿಧವೆ, ಇಂಥ ಊರಿನವಳು ಅಂತ ಬರೆದಿರ್ತಾರೆ. ವಿಧವೆ ಮರುಮದುವೆಯಾಗೋ ಮೊದಲು ಮೊದಲ ಗಂಡನ ಮಕ್ಕಳ ಪಾಲು ತೆಗೆದಿಡಬೇಕಿತ್ತು. ಅದನ್ನ ನೋಡ್ಕೊಳ್ಳೋಕೆ 1655ರಿಂದ ಅನಾಥ ಮಕ್ಕಳ ಅಧಿಕಾರಿಗಳೂ ಇದ್ದರು.

ಆನೆಕೆ ಯಾನ್ಸ್ ನೋಡಿ. ಮೊದಲ ಗಂಡ ರೂಲೋಫ್ ಯಾನ್ಸನ್ ಸತ್ತಮೇಲೆ 1638ರಲ್ಲಿ ಪಾದ್ರಿ ಎವರಾರ್ಡಸ್ ಬೊಗಾರ್ಡಸ್‌ನ ಮದುವೆಯಾದಳು. ಅವನು 1647ರಲ್ಲಿ ಹಡಗು ಮುಳುಗಿ ಸತ್ತ. 1663ರ ಅವಳ ಉಯಿಲಲ್ಲಿ ಮೊದಲ ಗಂಡನ ಮಕ್ಕಳಿಗೆ ಮೊದಲು 1000 ಗಿಲ್ಡರ್ ಕೊಟ್ಟು ಮಿಕ್ಕಿದ್ದನ್ನ ಎಲ್ಲರೂ ಹಂಚ್ಕೊಳ್ಳಿ ಅಂತ ಇದೆ. ಯಾವ ಮಗು ಯಾವ ಗಂಡನದು ಅಂತ ಅದೊಂದರಲ್ಲೇ ಗೊತ್ತಾಗುತ್ತೆ.

ಹುಬ್ಬಳ್ಳಿಮಂದಿ
ಆನೆಕೆ ಹಾಲೆಂಡಿನ ಆರೆಂಜ್ ರಾಜಮನೆತನದಾಕಿ ಅಂತ ಎಲ್ಲೋ ಓದೀನ್ರೀ, ಅಲ್ಲಿನ ರಾಜಕುಮಾರ ವಿಲಿಯಂನ ಮೊಮ್ಮಗಳಂತ?

ನದಿತೀರ
ಶುದ್ಧ ಸುಳ್ಳು. ಅವಳು ನಾರ್ವೆಯ ಫ್ಲೆಕೆರೋಯ್ ದ್ವೀಪದವಳು, ತಾಯಿ ಟ್ರೈನ್ ಯೋನಾಸ್ ನ್ಯೂ ಆಮ್‌ಸ್ಟರ್‌ಡಾಂನ ಸೂಲಗಿತ್ತಿ. ಅವಳ 62 ಎಕರೆ ಜಮೀನು ಆಮೇಲೆ ಮ್ಯಾನ್‌ಹಟನ್‌ನ ಟ್ರಿನಿಟಿ ಚರ್ಚಿಗೆ ಸೇರಿತು. 1671ರಲ್ಲಿ ವಾರಸುದಾರರು ಮಾರಿದಾಗ ಒಂದು ಕವಲಿನವರು ಸಹಿ ಹಾಕಿರಲಿಲ್ಲ ಅಂತ ಹಿಡ್ಕೊಂಡು ತಲೆಮಾರುಗಟ್ಟಲೆ ಕೋರ್ಟಿಗೆ ಅಲೆದರು, ಗೆಲ್ಲಲಿಲ್ಲ. ದುಡ್ಡಿನ ಆಸೆ ಇದ್ದಾಗ ವಂಶವೃಕ್ಷಕ್ಕೆ ರಾಜರು ತಾವಾಗೇ ಬಂದು ಸೇರ್ಕೊಳ್ತಾರೆ.

ಕಡತಪ್ರಿಯ
ಡಿಎನ್‌ಎ ಟೆಸ್ಟ್ ಮಾಡಿಸಿದರೆ ಸುಸಾನಾ ತವರು ಗೊತ್ತಾಗಲ್ವಾ?

ಅಕ್ಷರಬ್ರಹ್ಮ
ಮಾಮೂಲಿ ಟೆಸ್ಟ್ ಉಪಯೋಗ ಇಲ್ಲ. ಹನ್ನೆರಡು ತಲೆಮಾರು ಹಿಂದಿನ ಒಬ್ಬ ಅಜ್ಜಿಯ ಪಾಲು ಸರಾಸರಿ 4096ರಲ್ಲಿ ಒಂದು, ಎಷ್ಟೋ ಜನರಲ್ಲಿ ಸೊನ್ನೆ. ತಾಯಿಯಿಂದ ಮಗಳಿಗೆ ಹೋಗೋ ಮೈಟೊಕಾಂಡ್ರಿಯಾ ಡಿಎನ್‌ಎ ಒಂದೇ ದಾರಿ, ಆದರೆ ಮಧ್ಯೆ ಒಬ್ಬ ಗಂಡಸು ಬಂದರೂ ಎಳೆ ಕಡಿದುಹೋಗುತ್ತೆ. ಸುಸಾನಾಗೆ ಹಾಗೆ ಉಳಿದಿರೋದು ಮಗಳು ಎಲಿಜಬೆತ್ ವಿನ್ಸ್ಲೋ ಕವಲು ಮಾತ್ರ. ಇಂಗ್ಲೆಂಡ್ ಕಡೆಯಿಂದಲೂ ಅವಳ ತಾಯಿಯ ಕಡೆಯ ಅಂಥದ್ದೇ ಎಳೆ ಸಿಗಬೇಕು. ಹೊಂದದಿದ್ದರೆ 'ಅಲ್ಲ' ಅಂತ ಹೇಳಬಹುದು. ಹೊಂದಿದರೂ 'ಹೌದು' ಅನ್ನೋಕಾಗಲ್ಲ, ಈ ಡಿಎನ್‌ಎ ಬದಲಾಗೋದು ಅಷ್ಟು ನಿಧಾನ.

ಹಳೇಮೊಹರು
ಆ ಎಲಿಜಬೆತ್ ಕೂಡ ಮರುಮದುವೆಯಾದ ವಿಧವೆಯೇ. ಮೊದಲು ರಾಬರ್ಟ್ ಬ್ರೂಕ್ಸ್, ಆಮೇಲೆ 1669ರಲ್ಲಿ ಸೇಲಂನ ಜಾರ್ಜ್ ಕಾರ್ವಿನ್.

ಕುಡ್ಲ_ಕಡಲು
ಜಾರ್ಜ್ ಕಾರ್ವಿನ್ ಅಂದ್ರೆ 1692ರ ಮಾಟಗಾತಿ ಕೇಸಿನ ಶೆರಿಫ್ ಅಲ್ವಾ?!

ಹಳೇಮೊಹರು
ಅವನು ಮೊಮ್ಮಗ, ಅದೇ ಹೆಸರು. ಅದೂ ಅಜ್ಜನ ಮೊದಲ ಹೆಂಡತಿ ಕಡೆಯಿಂದ. ಸುಸಾನಾ ರಕ್ತ ಅವನಲ್ಲಿ ಒಂದು ಹನಿಯೂ ಇಲ್ಲ, ಆದರೂ ಅವನನ್ನ ವಿನ್ಸ್ಲೋ ಮರಿಮಗ ಮಾಡೋರು ಇದ್ದಾರೆ.

ಪ್ರಶ್ನಾರ್ಥಕ
ವರ್ಜೀನಿಯಾ ಕಡೆ ಹುಡುಕೋರಿಗೆ ಇದೆಲ್ಲ ನಡೆಯಲ್ಲ ಅಂತ ಒಂದು ಮಾತು ಹಾಕಿಬಿಡಿ. 1865ರ ಏಪ್ರಿಲ್‌ನಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ, ರಿಚ್ಮಂಡ್ ಸುಟ್ಟಾಗ ಸುರಕ್ಷಿತವಾಗಿರಲಿ ಅಂತ ಅಲ್ಲಿಗೆ ಕಳಿಸಿದ್ದ ಎಷ್ಟೋ ಕೌಂಟಿಗಳ ಪುಸ್ತಕ ಬೂದಿಯಾಯ್ತು.

ದಫ್ತರದಾರ
ಕಷ್ಟ, ಆದರೆ ನಡೆಯಲ್ಲ ಅನ್ನೋಹಾಗಿಲ್ಲ. ಜಮೀನು ಪೇಟೆಂಟ್ ಪುಸ್ತಕ, ಅಂದ್ರೆ ಜಮೀನು ಮಂಜೂರಾತಿ ದಾಖಲೆ, ಬೇರೆ ಇದೆ. ಬಂದ ತಲೆಗೆ 50 ಎಕರೆ ಕೊಡ್ತಿದ್ದರಲ್ಲ, ಹೊಸ ಗಂಡ ಹೆಂಡತಿಯ ಹಳೇ ಗಂಡನ ಹಕ್ಕನ್ನೂ ಅಲ್ಲಿ ಕೇಳಿಕೊಂಡಿರ್ತಾನೆ. ದೊಡ್ಡ ಮನೆತನ ಆದ್ರೆ ಇನ್ನೂ ಸುಲಭ. ಫ್ರಾನ್ಸಿಸ್ ಕಲ್ಪೆಪರ್ ಮೂರು ಮದುವೆಯಾದಳು: ಸ್ಯಾಮ್ಯುಯೆಲ್ ಸ್ಟೀಫನ್ಸ್, ಗವರ್ನರ್ ವಿಲಿಯಂ ಬರ್ಕ್ಲಿ, ಆಮೇಲೆ ಫಿಲಿಪ್ ಲಡ್ವೆಲ್. ಮೂರನೇ ಮದುವೆಯಾದಮೇಲೂ ಲೇಡಿ ಬರ್ಕ್ಲಿ ಅಂತಲೇ ಕರೆಸ್ಕೊಂಡಳು. ಹಾಗಾಗಿ 1680ರ ನಂತರದ ಕಾಗದಗಳಲ್ಲಿ ಲಡ್ವೆಲ್ ಹೆಸರಲ್ಲಿ ಹುಡುಕಿದರೆ ಅವಳು ತಪ್ಪಿಹೋಗ್ತಾಳೆ.

ಕಡತಪ್ರಿಯ
ನ್ಯೂ ಇಂಗ್ಲೆಂಡ್‌ಗೆ ಮನೆಯಲ್ಲೇ ಕೂತು ಶುರು ಮಾಡೋಕೆ?

ಹಳೇಮೊಹರು
ಮೊದಲು 1700ಕ್ಕೆ ಮುಂಚಿನ ನ್ಯೂ ಇಂಗ್ಲೆಂಡ್ ಮದುವೆಗಳ ಟೊರಿ ಪಟ್ಟಿ. ಅದು ಬರೀ ದಿಕ್ಸೂಚಿ, ಪುರಾವೆ ಅಲ್ಲ. ತವರಿನ ಹೆಸರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ನಕಲು ಮಾಡೋವಾಗ ಅದನ್ನ ಬಿಡಬೇಡಿ, ಬಿಡೋರೇ ಜಾಸ್ತಿ. 1635ರ ಒಳಗೆ ಬಂದ ಕುಟುಂಬ ಆದ್ರೆ ಗ್ರೇಟ್ ಮೈಗ್ರೇಷನ್ ಅಧ್ಯಯನದ ಸಂಪುಟ ನೋಡಿ. 1860ರ ದಶಕದ ಸ್ಯಾವೇಜ್ ವಂಶಾವಳಿ ನಿಘಂಟಿಗಿಂತ ಅದು ಎಷ್ಟೋ ನಂಬಿಕಸ್ಥ.

ಮೂಲ ಕಾಗದಕ್ಕೆ ಫ್ಯಾಮಿಲಿಸರ್ಚ್ ಜಾಲತಾಣದ ಫುಲ್ ಟೆಕ್ಸ್ಟ್ ಹುಡುಕಾಟ ಉಚಿತ. ಕೈಬರಹವನ್ನ ಯಂತ್ರವೇ ಓದಿರುತ್ತೆ. ಅಲ್ಲಿ ಹೆಂಗಸಿನ ಹೆಸರು ಹಾಕಬೇಡಿ, ಮೊದಲ ಗಂಡನ ಪೂರ್ತಿ ಹೆಸರಿನ ಜೊತೆ 'ರೆಲಿಕ್ಟ್' (ವಿಧವೆ ಅನ್ನೋಕೆ ಹಳೇ ಪದ) ಅಂತ ಇಂಗ್ಲಿಷಲ್ಲಿ ಹಾಕಿ. ಆಮೇಲೆ 'ವಿಡೋ', ಆಮೇಲೆ 'ಫಾರ್ಮರ್ಲಿ'. 17ನೇ ಶತಮಾನದ ಬರಹವನ್ನ ಯಂತ್ರ ತಪ್ಪು ಓದೋದು ಮಾಮೂಲು. ದೊಡ್ಡ ಎಫ್ ಬದಲು ಎರಡು ಚಿಕ್ಕ ಎಫ್ ಬರೀತಿದ್ದರು, ಉದ್ದ ಎಸ್ ಎಫ್ ಥರ ಕಾಣುತ್ತೆ, ಯು ಮತ್ತು ವಿ ಅದಲುಬದಲು. ಎರಡು ಮೂರು ಕಾಗುಣಿತ ಹಾಕಿ ನೋಡಿ.

ಪ್ಲಿಮತ್ ವಸಾಹತಿನ ಉಯಿಲುಗಳು 1685ರವರೆಗೆ ವಸಾಹತಿನ ಕೋರ್ಟ್ ಪುಸ್ತಕದಲ್ಲಿ, ಆಮೇಲೆ ಪ್ಲಿಮತ್, ಬಾರ್ನ್‌ಸ್ಟಬಲ್, ಬ್ರಿಸ್ಟಲ್ ಕೌಂಟಿಗಳಲ್ಲಿ. ಕೊನೆಗೆ ಇಂಗ್ಲೆಂಡ್: ಕ್ಯೂ ಊರಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹಳೇ ಉಯಿಲುಗಳ ಪ್ರಾಬ್ 11 ಸರಣಿ. 1653ರಿಂದ 1660ರವರೆಗೆ ಇಡೀ ಇಂಗ್ಲೆಂಡಿನ ಉಯಿಲುಗಳು ಒಂದೇ ಕೋರ್ಟಲ್ಲಿ ಸಾಬೀತಾಗ್ತಿದ್ದವು, ಹಾಗಾಗಿ ಆ ಎಂಟು ವರ್ಷ ಮೊದಲು ನೋಡಿ. 'ನ್ಯೂ ಇಂಗ್ಲೆಂಡ್‌ನಲ್ಲಿರೋ ನನ್ನ ಮಗಳಿಗೆ' ಅಂತ ಅಪ್ಪ ಐದು ಪೌಂಡ್ ಬರೆದಿಟ್ಟಿದ್ದರೆ ಕೆಲಸ ಮುಗೀತು.

ಪ್ರಶ್ನಾರ್ಥಕ
ಮುಗಿಯಲ್ಲ. ಆ ಮಗಳ ಗಂಡನ ಹೆಸರು ಹಾಕಿದ್ದಾನಾ, ಅದು ಎಷ್ಟನೇ ಗಂಡ, ಉಯಿಲು ಬರೆದಾಗ ಆ ಗಂಡ ಬದುಕಿದ್ದನಾ, ಇಷ್ಟೂ ನೋಡಬೇಕು. ಮಗಳು ಮರುಮದುವೆಯಾದ ಸುದ್ದಿ ಅಪ್ಪನಿಗೆ ತಲುಪೋಕೆ ತಿಂಗಳುಗಟ್ಟಲೆ ಹಿಡೀತಿತ್ತು.

ಹಳೇಮೊಹರು
ಅದಕ್ಕೇ ಉಯಿಲು ಬರೆದ ತಾರೀಕು, ಸಾಬೀತಾದ ತಾರೀಕು ಎರಡನ್ನೂ ಬೇರೆ ಬೇರೆ ಬರ್ಕೊಳ್ಳಿ ಕಡತಪ್ರಿಯ ಅವರೇ. ಹೆಸರು ತಾಳೆ ನೋಡಬೇಕಾದ್ದು ಬರೆದ ತಾರೀಕಿಗೆ.